ವೀಕೆಂಡ್ ತೋಟ, ಹಳೇ ಸಾಮಾನಿನ ಕಲೆ: ಅಂಟು ಕೈಗೆತ್ಕೊಳ್ಳೋ ಮುಂಚೆ ಜಾಗ ನೋಡಿ

ಪ್ರಶ್ನೆ: ಮನೆ ಹಿಂದೆ ಒಂಚೂರು ಜಾಗ ಇದೆ, ಅಲ್ಲೇ ಮೂಲೇಲಿ ವರ್ಷಗಳಿಂದ ಸೇರ್ಕೊಂಡಿರೋ ಹಳೇ ಸಾಮಾನಿನ ರಾಶಿನೂ ಇದೆ. ಒಂದು ಎನಾಮಲ್ ಕೆಟಲ್, ಸೈಕಲ್ ಚಕ್ರ, ಒಡೆದ ಟೈಲ್ಸ್, ತುಕ್ಕು ಹಿಡಿದ ದಪ್ಪ ಚೈನು, ಬಣ್ಣ ಏಳ್ತಿರೋ ಕಿಟಕಿ ಫ್ರೇಮು, ಹೀಗೆ. ಹೋದ ಸಲ ತಗಡಿನ ಡಬ್ಬಗಳಿಗೆ ಬಣ್ಣ ಹಚ್ಚಿ, ಗಾಜಿನ ಚೂರು ಚಿಪ್ಪು ಎಲ್ಲ ಅಂಟಿಸಿ, ಗಿಡ ಹಾಕಿ ಇಟ್ವಿ. ಒಂದು ಮಳೆಗೆ ಅಂಟಿಸಿದ್ದೆಲ್ಲ ಉದುರಿಹೋಯ್ತು, ಗಿಡಗಳು ಹಳದಿಯಾಗಿ ಸತ್ತುಹೋದ್ವು. ಈ ಶನಿವಾರ ಭಾನುವಾರ ಎರಡೂ ದಿನ ಬಿಡುವಿದೆ, ಎಂಟು ವರ್ಷದ ಮಗಳೂ ಜೊತೆಗಿರ್ತಾಳೆ. ಎಲ್ಲಿಂದ ಶುರು ಮಾಡೋದು, ಏನು ಮಾಡ್ಬಾರ್ದು, ಸ್ವಲ್ಪ ವಿವರವಾಗಿ ಹೇಳ್ತೀರಾ?

ಉತ್ತರ: ನಿಮ್ಮ ಪ್ರಶ್ನೇಲೇ ಅರ್ಧ ಉತ್ತರ ಇದೆ ನೋಡಿ. ಮೊದ್ಲು ಡಬ್ಬ ಚೆಂದ ಮಾಡಿದ್ರಿ, ಆಮೇಲೆ ಅದರೊಳಗೆ ಗಿಡ ಹಾಕಿದ್ರಿ, ಎಲ್ಲಿಡೋದು ಅನ್ನೋದು ಬಹುಶಃ ಕೊನೇಗೆ ಬಂದಿರತ್ತೆ. ಜಾಸ್ತಿ ಜನ ಇದೇ ಆರ್ಡರಲ್ಲಿ ಮಾಡ್ತಾರೆ. ಇದನ್ನ ಪೂರ್ತಿ ತಿರುಗಿಸಿ. ಮೊದ್ಲು ಜಾಗ, ಆಮೇಲೆ ಗಿಡ, ಆಮೇಲೆ ವಸ್ತು, ಅಂಟು ಬಣ್ಣ ಎಲ್ಲ ತೀರಾ ಕೊನೇಗೆ, ಅದೂ ಬೇಕೇ ಬೇಕು ಅನ್ಸಿದ್ರೆ ಮಾತ್ರ. ಗಿಡ ಬದುಕೋದು ಬಿಡೋದು ಅದು ಎಲ್ಲಿ ನಿಂತಿದೆ ಅನ್ನೋದ್ರ ಮೇಲೆ, ಹಳೇ ಸಾಮಾನು ಕಲೆ ಅನ್ನಿಸ್ಕೊಳ್ಳೋದೂ ಅದು ಎಲ್ಲಿದೆ, ಯಾವುದರ ಪಕ್ಕ ಇದೆ ಅನ್ನೋದ್ರ ಮೇಲೇನೇ. ಅದಕ್ಕೇ ಈ ಎರಡು ಕೆಲ್ಸನ ಬೇರೆ ಬೇರೆ ಅಂತ ನೋಡ್ಬೇಡಿ, ಒಂದೇ ವೀಕೆಂಡಲ್ಲಿ ಒಟ್ಟಿಗೇ ಮಾಡೋಕೆ ಹೇಳಿ ಮಾಡಿಸಿದ ಜೋಡಿ ಇದು. ಗಿಡದ ಕೆಲ್ಸದಲ್ಲಿ ಕಾಯೋ ಹೊತ್ತು ಜಾಸ್ತಿ, ಮಣ್ಣು ನೆನೀಬೇಕು, ಬಿಸಿಲು ಇಳೀಬೇಕು, ಆ ಹೊತ್ತಲ್ಲಿ ಸಾಮಾನು ಜೋಡಿಸ್ಬಹುದು. ಅಂಟು ಒಣಗೋಕೆ ಬಿಟ್ಟಾಗ ಗಿಡದ ಕಡೆ ಬರ್ಬಹುದು.

ಶನಿವಾರ ಬೆಳಿಗ್ಗೆ ಏನನ್ನೂ ತೊಳಿಯೋಕೆ, ಕೆರಿಯೋಕೆ ಹೋಗ್ಬೇಡಿ. ಮಗಳ ಕೈಗೆ ಒಂದು ಚಾಕ್‌ಪೀಸ್ ಕೊಡಿ. ಬೆಳಿಗ್ಗೆ, ಮಧ್ಯಾಹ್ನ, ಸಾಯಂಕಾಲ ಮೂರು ಹೊತ್ತು ಬಿಸಿಲು ಎಲ್ಲಿ ಬೀಳತ್ತೆ, ನೆರಳಿನ ಅಂಚು ಎಲ್ಲಿದೆ ಅಂತ ನೆಲದ ಮೇಲೆ ಗೆರೆ ಎಳೀಲಿ. ಅವಳಿಗೆ ಇದು ಆಟ, ನಿಮಗೆ ಇದು ನಕ್ಷೆ. ದಿನಕ್ಕೆ ಆರು ಗಂಟೆ ಅಥವಾ ಜಾಸ್ತಿ ನೇರ ಬಿಸಿಲು ಬೀಳೋ ಕಡೆ ಟೊಮ್ಯಾಟೊ, ಮೆಣಸಿನಕಾಯಿ ಥರ ಕಾಯಿ ಬಿಡೋ ಗಿಡ ಇಡ್ಬಹುದು. ಮೂರು ನಾಲ್ಕು ಗಂಟೆ ಬಿಸಿಲಿದ್ರೆ ಸೊಪ್ಪು, ಪುದೀನ ಬರತ್ತೆ. ನೇರ ಬಿಸಿಲೇ ಇಲ್ದೆ ಬರೀ ಬೆಳಕಿದ್ರೆ ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್, ಜರಿಗಿಡ ಇಂಥವು. ಮಧ್ಯಾಹ್ನದ ಮೇಲೆ ಬಿಸಿಲು ಹೊಡಿಯೋ ಗೋಡೆ ಇದ್ರೆ ಸಾಯಂಕಾಲ ಅದರ ಮೇಲೆ ಕೈಯಿಟ್ಟು ನೋಡಿ, ಸೂರ್ಯ ಮುಳುಗಿದ ಮೇಲೂ ಬಿಸಿ ಬಿಡ್ತಾ ಇರತ್ತೆ. ಅದಕ್ಕೆ ಒರಗಿಸಿ ಸಣ್ಣ ತಗಡಿನ ಡಬ್ಬ ಇಟ್ರೆ ಒಳಗಿರೋ ಬೇರು ಬೆಂದುಹೋಗತ್ತೆ, ತಗಡು ಶಾಖನ ಹಾಗ್ಹಾಗೇ ಒಳಗೆ ದಾಟಿಸಿಬಿಡತ್ತೆ. ಅಲ್ಲಿ ಗಿಡ ಬೇಡ, ತುಕ್ಕು ಕಬ್ಬಿಣ, ಟೈಲ್ಸ್ ಥರದ್ದೇ ಸರಿ.

ಗೆರೆ ಎಳೆಯೋ ಮಧ್ಯೆ ಸಾಮಾನು ರಾಶಿನ ಒಂದು ಹಳೇ ಬೆಡ್‌ಶೀಟ್ ಮೇಲೆ ಹರಡ್ಕೊಳ್ಳಿ. ಇದು ಗೂಬೆ ಮಾಡ್ಬಹುದು, ಅದು ಹೂವು ಮಾಡ್ಬಹುದು ಅಂತ ವಿಂಗಡಿಸ್ಬೇಡಿ, ಅದೇ ಯೋಚ್ನೆ ಎಲ್ಲರನ್ನೂ ಒಂದೇ ಥರದ ಗೊಂಬೆಗಳ ಕಡೆ ಎಳ್ಕೊಂಡು ಹೋಗೋದು. ಯಾವುದರಿಂದ ಮಾಡಿದ್ದು ಅಂತ ವಿಂಗಡಿಸಿ. ಕಬ್ಬಿಣ ಒಂದ್ಕಡೆ, ಸುಟ್ಟ ಮಣ್ಣು ಪಿಂಗಾಣಿ ಒಂದ್ಕಡೆ, ಗಾಜು, ಮರ, ಪ್ಲಾಸ್ಟಿಕ್ ಬೇರೆ ಬೇರೆ. ಮಳೆಗೆ ಬಿಸಿಲಿಗೆ ಒಂದೊಂದು ಒಂದೊಂದು ಥರ ಆಡತ್ತೆ, ಯಾವುದಕ್ಕೆ ಯಾವ ಜೋಡಣೆ ಅನ್ನೋದು ಇಲ್ಲೇ ತೀರ್ಮಾನ ಆಗೋದು.

ಇದೇ ಹೊತ್ತಲ್ಲಿ ಕೆಲವನ್ನ ಪಕ್ಕಕ್ಕೆ ತೆಗೀಬೇಕು, ಇಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ನಿಮ್ಮ ಕಿಟಕಿ ಫ್ರೇಮು ಮೊದಲನೇದು. ಬಣ್ಣ ಸಿಪ್ಪೆಸಿಪ್ಪೆ ಏಳ್ತಿದೆ ಅಂದ್ರಿ. ಹಳೇ ಪೇಂಟಲ್ಲಿ ಸೀಸ ಇರೋ ಸಾಧ್ಯತೆ ಇದೆ, ಅಮೆರಿಕದಲ್ಲಿ ಮನೆ ಪೇಂಟಲ್ಲಿ ಸೀಸ ನಿಷೇಧ ಆಗಿದ್ದೇ 1978ರಲ್ಲಿ, ಬೇರೆ ಎಷ್ಟೋ ದೇಶಗಳಲ್ಲಿ ಅದಕ್ಕಿಂತ ಬಹಳ ತಡ. ಆ ಸಿಪ್ಪೆ, ಆ ಧೂಳು ಮಕ್ಕಳ ಮಿದುಳಿಗೆ ಹಾನಿ ಮಾಡತ್ತೆ. ಉಪ್ಪುಕಾಗದ ಹಾಕಿ ಉಜ್ಜೋದಂತೂ ಬೇಡವೇ ಬೇಡ, ಪುಡಿ ಎಲ್ಲ ಗಾಳಿಗೆ ಸೇರತ್ತೆ, ಆಮೇಲೆ ಮಣ್ಣಿಗೆ ಇಳಿಯತ್ತೆ. ಎಷ್ಟು ಹಳೇದು ಅಂತ ಖಾತ್ರಿ ಇಲ್ದೇ ಇದ್ರೆ ಆ ಫ್ರೇಮು ಈ ವೀಕೆಂಡಿಗೆ ಬೇಡ, ಪ್ಲಾಸ್ಟಿಕಲ್ಲಿ ಸುತ್ತಿ ಮಗಳ ಕೈಗೆ ಸಿಗದ ಹಾಗೆ ಎತ್ತಿಡಿ. ಹಳೇ ಸಿಮೆಂಟ್ ಶೀಟಿನ ತುಂಡುಗಳಿದ್ರೆ ಕೊರೀಬೇಡಿ, ಒಡೀಬೇಡಿ, ಆಸ್ಬೆಸ್ಟಸ್ ಇರ್ಬಹುದು, ಅದು ಉಸಿರಿನ ಜೊತೆ ಒಳಗೆ ಹೋದ್ರೆ ಶ್ವಾಸಕೋಶಕ್ಕೆ ಹಾನಿ ಮಾಡೋ ನಾರು. ಬ್ಯಾಟರಿ, ಎಲೆಕ್ಟ್ರಾನಿಕ್ ಬೋರ್ಡು ಕಲೆಗೆ ಎಷ್ಟೇ ಚೆಂದ ಕಂಡ್ರೂ ಮಣ್ಣಿನ ಹತ್ರ ಬೇಡ. ಟೈರಿನಲ್ಲಿ ಹೂವಿನ ಗಿಡ ಹಾಕಿ ಪರವಾಗಿಲ್ಲ, ತಿನ್ನೋ ಗಿಡ ಬೇಡ, ರಬ್ಬರಿನಿಂದ ಸತುವು ಮತ್ತೆ ಬೇರೆ ಕೆಮಿಕಲ್ ನಿಧಾನವಾಗಿ ಮಣ್ಣಿಗೆ ಇಳಿಯತ್ತೆ. ಮರದ ಪ್ಯಾಲೆಟ್ (ಸರಕು ಸಾಗಿಸೋಕೆ ಬಳಸೋ ಹಲಗೆ ಚೌಕಟ್ಟು) ಸಿಕ್ಕಿದ್ರೆ ಅದರ ಮೇಲಿನ ಸೀಲು ಓದಿ. ಎಚ್‌ಟಿ (HT) ಅಂತಿದ್ರೆ ಬಿಸಿ ಕೊಟ್ಟು ಹುಳ ಸಾಯಿಸಿದ್ದು, ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಮುಟ್ಟಿ 30 ನಿಮಿಷ ಇರ್ಬೇಕು ಅನ್ನೋದು ಅಂತಾರಾಷ್ಟ್ರೀಯ ನಿಯಮ, ಅದು ಒಳ್ಳೇದು. ಎಂಬಿ (MB) ಅಂತಿದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷಾನಿಲ ಬಿಟ್ಟಿರೋದು, ಅದನ್ನ ವಾಪಸ್ ಇಟ್ಬಿಡಿ.

ಈಗ ಮಣ್ಣು ನೆನೆಹಾಕಿ, ಸಾಯಂಕಾಲಕ್ಕೆ ಬೇಕಾಗತ್ತೆ. ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ, ಇಟ್ಟಿಗೆ ಥರ ಸಿಗತ್ತಲ್ಲ, ಅದನ್ನ ಬಕೆಟಲ್ಲಿ ನೀರು ಹಾಕಿ ಬಿಟ್ರೆ ಉಬ್ಬಿ ಪುಡಿ ಆಗತ್ತೆ. ತೋಟದ ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು, ಕೋಕೋಪೀಟ್ ಅಥವಾ ದಪ್ಪ ಮರಳು ಒಂದು ಪಾಲು, ಶುರುವಿಗೆ ಇಷ್ಟು ಸಾಕು. ಕಲಸಿದ ಮೇಲೆ ಒಂದು ಹಿಡಿ ತಗೊಂಡು ಮುಷ್ಟಿ ಕಟ್ಟಿ. ಉಂಡೆ ಆಗ್ಬೇಕು, ಬೆರಳಲ್ಲಿ ತಟ್ಟಿದ ತಕ್ಷಣ ಉದುರ್ಬೇಕು. ನೀರು ತೊಟ್ಟಿಕ್ಕಿದ್ರೆ ಒದ್ದೆ ಜಾಸ್ತಿ, ಉಂಡೆನೇ ಆಗ್ಲಿಲ್ಲ ಅಂದ್ರೆ ಒಣ. ಗೊಬ್ಬರ ಮೂಗಿಗೆ ಹಿಡಿದ್ರೆ ಮಳೆ ಬಿದ್ದ ಮಣ್ಣಿನ ವಾಸನೆ ಬರ್ಬೇಕು. ಘಾಟು ಹೊಡೆದ್ರೆ ಇನ್ನೂ ಕಳಿತಿಲ್ಲ ಅಂತ, ಹಾಕ್ಬೇಡಿ, ಬೇರು ಸುಡತ್ತೆ.

ಈಗ ಸತ್ತ ಗಿಡಗಳ ವಿಷ್ಯ. ಆ ಡಬ್ಬ ಇನ್ನೂ ಇದ್ರೆ ದಯವಿಟ್ಟು ಬಿಸಾಡ್ಬೇಡಿ, ಶನಿವಾರ ಮಧ್ಯಾಹ್ನ ಮಗಳ ಜೊತೆ ಕೂತು ಒಂದನ್ನ ಬೋರಲು ಹಾಕಿ ಮಣ್ಣಿನ ಗಡ್ಡೆ ಹೊರಗೆ ತೆಗೀರಿ. ತಳದ ಎರಡು ಬೆರಳಷ್ಟು ಮಣ್ಣು ಮೇಲಿಂದಕ್ಕಿಂತ ಕಪ್ಪಾಗಿರತ್ತೆ, ಅಂಟಂಟು, ಮೂಗಿಗೆ ಹುಳಿ ವಾಸನೆ ಅಥವಾ ಕೊಳೆತ ಮೊಟ್ಟೆ ವಾಸನೆ ಬರ್ಬಹುದು. ಬೇರು ಬಿಳೀದಾಗಿ ಗಟ್ಟಿಯಾಗಿ ಇರೋದ್ರ ಬದಲು ಕಂದು ಬಣ್ಣಕ್ಕೆ ತಿರುಗಿ, ಹಿಡಿದು ಎಳೆದ್ರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬಂದು ಒಳಗೆ ತೆಳ್ಳನೆ ನಾರು ಮಾತ್ರ ಉಳಿಯತ್ತೆ. ಇದು ಕಂಡ್ರೆ ಗಿಡ ನೀರಿಲ್ದೆ ಸತ್ತಿದ್ದಲ್ಲ, ನೀರು ಜಾಸ್ತಿಯಾಗಿ ಸತ್ತಿದ್ದು. ಬೇರಿಗೂ ಉಸಿರಾಡೋಕೆ ಆಮ್ಲಜನಕ ಬೇಕು, ಮಣ್ಣಿನ ಕಣಗಳ ಮಧ್ಯದ ಸಂದಿಗಳಲ್ಲೆಲ್ಲ ನೀರೇ ತುಂಬ್ಕೊಂಡ್ರೆ ಗಾಳಿಗೆ ಜಾಗ ಇರಲ್ಲ. ಬೇರು ಸತ್ತ ಮೇಲೆ ನೀರು ಎಳ್ಕೊಳ್ಳೋರು ಯಾರೂ ಇಲ್ಲ, ಎಲೆ ಬಾಡತ್ತೆ, ಬಾಡಿದ್ದು ನೋಡಿ ನಾವು ಇನ್ನೂ ನೀರು ಹಾಕ್ತೀವಿ. ಎಂಟು ವರ್ಷದ ಮಗುಗೆ ಇದು ಚೆನ್ನಾಗಿ ಅರ್ಥ ಆಗತ್ತೆ, ಕಣ್ಣಾರೆ ನೋಡಿದ್ರೆ ಮರೆಯಲ್ಲ.

ತಳಕ್ಕೆ ಜಲ್ಲಿ ಹಾಕಿದ್ರೆ ನೀರು ಇಳಿಯತ್ತೆ ಅಂತ ಎಲ್ಲರೂ ಹೇಳ್ತಾರೆ, ಅದು ನಿಜ ಅಲ್ಲ. ಸಣ್ಣ ಕಣದ ಮಣ್ಣಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ದಾಟಲ್ಲ, ಮಣ್ಣು ಪೂರ್ತಿ ತುಂಬಿ ತುಳುಕೋವರೆಗೂ ಅಲ್ಲೇ ನಿಂತ್ಕೊಳ್ಳತ್ತೆ. ಅಂದ್ರೆ ಜಲ್ಲಿ ಹಾಕಿದಷ್ಟೂ ಒದ್ದೆ ಪದರ ಬೇರಿನ ಹತ್ರಕ್ಕೆ ಮೇಲೆ ಬರತ್ತೆ, ಜಾಗನೂ ಕಮ್ಮಿ ಆಗತ್ತೆ. ಬೇಕಾಗಿರೋದು ತೂತು. ಮಣ್ಣು ಸೋರದ ಹಾಗೆ ಒಂದು ತುಂಡು ಸೊಳ್ಳೆಪರದೆ ಬಲೆ ಹಾಕಿ, ಅಷ್ಟೇ.

ಆದ್ರೆ ಎಲ್ಲ ವಸ್ತುಗೂ ತೂತು ಕೊರೀಲೇಬೇಕಾ ಅಂದ್ರೆ ಇಲ್ಲ. ನಿಮ್ಮ ಕೆಟಲ್ ಉದಾಹರಣೆಗೆ ತಗೊಳ್ಳಿ, ಕೈಯಲ್ಲಿ ಹಿಡ್ಕೊಂಡು ಸರಿಯಾಗಿ ನೋಡಿ. ಒಳಗೆ ತಳದಲ್ಲಿ ಬಿಳಿ ಸುಣ್ಣದ ಪದರ ಕಟ್ಟಿರತ್ತೆ, ಗಡಸು ನೀರು ಕುದಿಸಿ ಕುದಿಸಿ ಕೂತಿದ್ದು, ಅದರಿಂದ ಗಿಡಕ್ಕೆ ಅಂಥಾ ತೊಂದ್ರೆ ಇಲ್ಲ. ಕೊಕ್ಕಿನ ಬುಡದಲ್ಲಿ ಒಳಗಡೆ ಸಣ್ಣ ತೂತುಗಳ ಜಾಲರಿ ಇರ್ಬಹುದು, ಹಿಡಿ ಸೇರೋ ಕಡೆ ಎನಾಮಲ್ ಬಿರುಕು ಬಿಟ್ಟು ಕೆಳಗಿನ ಕಬ್ಬಿಣ ಕಾಣ್ತಿರತ್ತೆ. ಎನಾಮಲ್ ಅಂದ್ರೆ ಕಬ್ಬಿಣದ ಮೇಲೆ ಕರಗಿಸಿ ಕೂರಿಸಿದ ಗಾಜು. ಅದಕ್ಕೆ ನೇರ ಡ್ರಿಲ್ ಇಟ್ರೆ ಗಾಜು ಚಕ್ಕೆ ಚಕ್ಕೆ ಹಾರತ್ತೆ, ಕಣ್ಣಿಗೆ ಕನ್ನಡಕ ಇಲ್ದೆ ಕೊರೀಬೇಡಿ, ಮಗಳು ಆಗ ಹತ್ರ ಇರೋದೂ ಬೇಡ. ಹಳೇ ಎನಾಮಲ್ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಮ್ ಇರೋ ಸಾಧ್ಯತೆನೂ ಇರೋದ್ರಿಂದ ಅದರೊಳಗೆ ಪುದೀನ ಕೊತ್ತಂಬರಿ ಅಂತೆಲ್ಲ ಬೆಳೀಬೇಡಿ. ನಾನು ಮಾಡೋದು ಏನಂದ್ರೆ, ಕೆಟಲಿಗೆ ತೂತೇ ಕೊರೆಯಲ್ಲ. ಅದರ ಬಾಯೊಳಗೆ ಇಳಿಯೋ ಅಳತೆಯ ಪ್ಲಾಸ್ಟಿಕ್ ಪಾಟಲ್ಲಿ ಗಿಡ ಇರತ್ತೆ, ಆ ಪಾಟು ಕೆಟಲ್ ಒಳಗೆ ಕೂತಿರತ್ತೆ. ನೀರು ಹಾಕ್ಬೇಕಾದ್ರೆ ಎತ್ತಿ ಹೊರಗಿಟ್ಟು ಹಾಕಿ, ಪೂರ್ತಿ ಸೋರಿದ ಮೇಲೆ ವಾಪಸ್ ಇಳಿಸಿ. ವಸ್ತುಗೆ ಏನೂ ಆಗಲ್ಲ, ಗಿಡಕ್ಕೆ ಬೇಕಾದ ತೂತು ಸಿಗತ್ತೆ, ನಾಳೆ ಬೇಜಾರಾದ್ರೆ ಬೇರೆ ಗಿಡ ಇಡ್ಬಹುದು. ಹಳೇ ಸಾಮಾನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೆ ಈ ಡಬಲ್ ಪಾಟೇ ಸರಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ಷರತ್ತು, ಇದು ಮಳೆ ಬೀಳದ ಸೂರಿನ ಕೆಳಗೆ ಇರ್ಬೇಕು, ಇಲ್ಲಾಂದ್ರೆ ಹೊರಗಿನ ಪಾತ್ರೇಲಿ ನೀರು ನಿಂತು ಮತ್ತೆ ಅದೇ ಕಥೆ. ಮಳೇಲೇ ಇಡ್ಬೇಕು ಅಂದ್ರೆ ಮಾತ್ರ ಕೊರೀರಿ, ಮೊದ್ಲು ಮೊಳೇಲಿ ಸಣ್ಣ ಗುಂಡಿ ಹೊಡ್ಕೊಂಡು ಬಿಟ್ ಜಾರದ ಹಾಗೆ ಮಾಡಿ, ತಳದ ತೀರಾ ತಗ್ಗಿರೋ ಕಡೆ 6ರಿಂದ 8 ಮಿಲಿಮೀಟರಿನ ಮೂರು ನಾಲ್ಕು ತೂತು.

ನಾಟಿ ಮಾಡೋದು ಶನಿವಾರ ಸಾಯಂಕಾಲಕ್ಕೆ. ಬಿಸಿಲು ಇಳಿದ ಮೇಲೆ ನೆಟ್ಟ ಗಿಡಕ್ಕೆ ಸುಧಾರಿಸ್ಕೊಳ್ಳೋಕೆ ಒಂದು ರಾತ್ರಿ ಸಿಗತ್ತೆ. ಸೊಪ್ಪಿಗೆ 15–20 ಸೆಂಟಿಮೀಟರ್ ಆಳ ಸಾಕು, ಟೊಮ್ಯಾಟೊಗೆ 30 ಆದ್ರೂ ಬೇಕು. ಟೊಮ್ಯಾಟೊ ಸಸಿನ ಕೆಳಗಿನ ಎಲೆ ಚಿವುಟಿ ಕಾಂಡನ ಆಳವಾಗಿ ಹೂತುಬಿಡಿ, ಹೂತ ಕಾಂಡದಿಂದಾನೂ ಬೇರು ಬರತ್ತೆ. ಬೇರೆ ಗಿಡಗಳಿಗೆ ಹೀಗೆ ಮಾಡ್ಬೇಡಿ, ಪಾಟಲ್ಲಿ ಎಷ್ಟು ಮಟ್ಟಕ್ಕಿತ್ತೋ ಅಷ್ಟಕ್ಕೇ ನೆಡಿ. ಮಗಳಿಗೆ ಅಂತ ಒಂದಿಷ್ಟು ಮೂಲಂಗಿ ಬೀಜ ಕೊಡಿ, ನಾಲ್ಕೈದು ದಿನದಲ್ಲೇ ಮೊಳಕೆ ಕಾಣತ್ತೆ, ಆ ವಯಸ್ಸಿಗೆ ಅದಕ್ಕಿಂತ ಜಾಸ್ತಿ ಕಾಯೋದು ಕಷ್ಟ. ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಅನ್ನೋದು ಲೆಕ್ಕ.

ಇನ್ನು ಕಲೆ. ನಾನು ಜಾಸ್ತಿ ಹೇಳ್ಬೇಕಾಗಿರೋದು ಇಲ್ಲೇ, ಯಾಕಂದ್ರೆ ಎಲ್ಲರೂ ಎಡವೋದು ಜಾಸ್ತಿ ವಸ್ತು ಹಾಕಿ. ಪಿಕಾಸೊ 1942ರಲ್ಲಿ ಮಾಡಿದ ಒಂದು ಗೂಳಿ ತಲೆ ಇದೆ, ಅದರಲ್ಲಿರೋದು ಎರಡೇ ವಸ್ತು. ಸೈಕಲ್ ಸೀಟು ಮುಖ, ಹ್ಯಾಂಡಲ್ ಕೊಂಬು. ಕಣ್ಣಿಲ್ಲ, ಮೂಗಿನ ಹೊಳ್ಳೆ ಅಂತ ಏನೂ ಅಂಟಿಸಿಲ್ಲ. ಸೀಟು ಸೀಟಾಗಿ ಕಾಣ್ತಾನೂ ಇರತ್ತೆ, ಗೂಳಿಯಾಗಿ ಕಾಣ್ತಾನೂ ಇರತ್ತೆ, ಎರಡೂ ಒಟ್ಟಿಗೇ ಕಾಣೋದೇ ಅದರ ಜೀವ. ನಾವು ಅದಕ್ಕೆ ಎರಡು ಗೋಲಿ ತಂದು ಕಣ್ಣು ಅಂಟಿಸಿದ್ವಿ ಅಂತಿಟ್ಕೊಳ್ಳಿ, ಅಲ್ಲಿಗೆ ಅದು ಬರೀ ಗೊಂಬೆ ಆಗ್ಬಿಡತ್ತೆ. ಹಾಗಾಗಿ ಮೊದಲ ಪ್ರಯತ್ನಕ್ಕೆ ಎರಡೇ ವಸ್ತು ಅಂತ ನಿಯಮ ಹಾಕ್ಕೊಳ್ಳಿ, ಮೂರನೇದು ಬೇಕು ಅನ್ಸಿದ್ರೆ ಅದಕ್ಕೆ ಮುಂಚೆ ಇರೋ ಎರಡನ್ನ ಓರೆ ಮಾಡಿ, ತಲೆಕೆಳಗು ಮಾಡಿ, ದೂರ ಸರಿಸಿ ನೋಡಿ.

ಎರಡಕ್ಕೆ ಮನಸ್ಸು ನಿಲ್ಲಲ್ಲ, ರಾಶಿ ರಾಶಿ ಇದೆ, ಎಲ್ಲ ಬಳಸ್ಬೇಕು ಅಂದ್ರೆ ಅದಕ್ಕೂ ದಾರಿ ಇದೆ. ಒಂದೇ ಥರದ್ದು ತುಂಬ ಹಾಕೋದು ಒಂದು ದಾರಿ. ಘಾನಾದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ಕೆಲ್ಸ ಮಾಡಿದ ಶಿಲ್ಪಿ ಎಲ್ ಅನಾಟ್ಸುಯಿ ಮದ್ಯದ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳಗಳನ್ನ ಚಪ್ಪಟೆ ಮಾಡಿ ತಾಮ್ರದ ತಂತೀಲಿ ಹೊಲಿದು ಗೋಡೆ ತುಂಬೋ ಪರದೆ ಮಾಡ್ತಾರೆ, ದೂರದಿಂದ ರೇಷ್ಮೆ ಬಟ್ಟೆನೇ. ಒಂದು ಮುಚ್ಚಳಕ್ಕೆ ಬೆಲೆ ಇಲ್ಲ, ಸಾವಿರ ಮುಚ್ಚಳಕ್ಕೆ ಒಂದು ಮೈ ಬರತ್ತೆ. ಇನ್ನೊಂದು ದಾರಿ, ಬೇರೆ ಬೇರೆ ಥರದ್ದನ್ನ ಒಂದೇ ಬಣ್ಣಕ್ಕೆ ತರೋದು. ಅಮೆರಿಕದ ಶಿಲ್ಪಿ ಲೂಯಿಸ್ ನೆವೆಲ್ಸನ್ ಅವರು ಬೀದೀಲಿ ಸಿಕ್ಕ ಕುರ್ಚಿ ಕಾಲು, ಮರದ ತುಂಡು, ಕಂಬಿ ಎಲ್ಲ ಪೆಟ್ಟಿಗೆಗಳಲ್ಲಿ ಜೋಡಿಸಿ ಪೂರ್ತಿ ಮ್ಯಾಟ್ ಕಪ್ಪು ಬಳಿದುಬಿಡ್ತಿದ್ರು, 1958ರ ಹೊತ್ತಿಗೆ ಇಡೀ ಗೋಡೆಗಳನ್ನೇ ಹೀಗೆ ಮಾಡಿದ್ರು. ಬಣ್ಣ ಒಂದೇ ಆದಾಗ ಯಾವುದು ಏನಾಗಿತ್ತು ಅನ್ನೋದು ಮರೆತುಹೋಗಿ ಆಕಾರ ನೆರಳು ಮಾತ್ರ ಕಾಣತ್ತೆ. ಹೋದ ಸಲ ಡಬ್ಬಕ್ಕೊಂದು ಬಣ್ಣ ಹಚ್ಚಿದ್ರೆ ಈ ಸಲ ಎಲ್ಲಕ್ಕೂ ಒಂದೇ ಬಣ್ಣ ಹಚ್ಚಿ ನೋಡಿ, ಹಿಂದೆ ಹಸಿರು ಎಲೆ ಇರೋದ್ರಿಂದ ಮಾಸಲು ಬಿಳಿ ಅಥವಾ ಬೂದು ಚೆನ್ನಾಗಿ ಕೂರತ್ತೆ.

ತೋಟಕ್ಕೆ ಅಂತಲೇ ನೋಡ್ಬೇಕು ಅಂದ್ರೆ ಬ್ರಿಟಿಷ್ ಸಿನಿಮಾ ನಿರ್ದೇಶಕ ಡೆರೆಕ್ ಜಾರ್ಮನ್ ಅವರ ತೋಟದ ಫೋಟೋ ಹುಡುಕಿ. ಇಂಗ್ಲೆಂಡಿನ ಡಂಜನೆಸ್ ಅನ್ನೋ ಕಡೆ, ಅಣು ವಿದ್ಯುತ್ ಸ್ಥಾವರದ ಪಕ್ಕ, ಬರೀ ಬೆಣಚುಕಲ್ಲಿನ ಸಮುದ್ರ ತೀರದಲ್ಲಿ 1986ರಲ್ಲಿ ಒಂದು ಮೀನುಗಾರರ ಮನೆ ತಗೊಂಡು ಸುತ್ತ ತೋಟ ಮಾಡಿದ್ರು. ಬೇಲಿ ಇಲ್ಲ, ಹುಲ್ಲುಹಾಸು ಇಲ್ಲ. ಅಲೆ ತಂದು ಹಾಕಿದ ಮರದ ಕಂಬ ನೆಟ್ಟು ಅದರ ತುದಿಗೆ ತುಕ್ಕು ಹಿಡಿದ ಕಬ್ಬಿಣ, ತೂತಿರೋ ಕಲ್ಲು ಪೋಣಿಸಿ, ಬುಡದಲ್ಲಿ ಉಪ್ಪುಗಾಳಿ ತಡೆಯೋ ಗಿಡಗಳನ್ನ ಮಾತ್ರ ಬೆಳೆಸಿದ್ರು. ನನಗೆ ಈ ತೋಟ ಬಹಳ ಇಷ್ಟ, ಯಾಕಂದ್ರೆ ಅಲ್ಲಿ ಗಿಡಾನೂ ಆ ಜಾಗಕ್ಕೆ ಒಗ್ಗಿದ್ದೇ, ಕಬ್ಬಿಣಾನೂ ಆ ಜಾಗದ್ದೇ, ಯಾವುದಕ್ಕೂ ಬಣ್ಣ ಬಳಿದಿಲ್ಲ. ನಿಮ್ಮ ರಾಶೀಲಿರೋದೂ ನಿಮ್ಮ ಮನೆ ಸಾಮಾನೇ ಅಲ್ವಾ, ಅದನ್ನ ಮುಚ್ಚಿಹಾಕೋಕೆ ಹೋಗ್ಬೇಡಿ.

ಸೈಕಲ್ ಚಕ್ರದ ಬಗ್ಗೆ ನನ್ನ ಸಲಹೆ ಸರಳ. ಫ್ರೆಂಚ್ ಕಲಾವಿದ ಮಾರ್ಸೆಲ್ ದುಶಾಂಪ್ 1913ರಲ್ಲಿ ಒಂದು ಚಕ್ರನ ಸ್ಟೂಲ್ ಮೇಲೆ ನಿಲ್ಲಿಸಿದ್ರು, ಮುಂದೆ ಅದೇ ಕಲೆ ಅನ್ನಿಸ್ಕೊಳ್ತು, ನೀವು ಅದನ್ನ ಒಂದು ಗಟ್ಟಿ ಗೂಟಕ್ಕೆ ನಿಲ್ಲಿಸಿ ಕೆಳಗೆ ಬಳ್ಳಿ ಹಾಕಿ. ಶಂಖಪುಷ್ಪ, ಅವರೆ, ಬಟಾಣಿ ಯಾವುದಾದ್ರೂ ಸರಿ. ಸುತ್ತಿ ಹತ್ತೋ ಬಳ್ಳಿಗೆ ತೆಳ್ಳಗಿರೋ ಆಸರೆನೇ ಬೇಕು, ದಪ್ಪ ಕಂಬಕ್ಕಿಂತ ಚಕ್ರದ ಕಡ್ಡಿ ಬೇಗ ಹಿಡ್ಕೊಳ್ಳತ್ತೆ. ಗೂಟ ಕಾಲು ಭಾಗ ಆದ್ರೂ ನೆಲದೊಳಗೆ ಹೋಗಿರ್ಬೇಕು, ಬಳ್ಳಿ ತುಂಬಿದ ಮೇಲೆ ಚಕ್ರ ಹಾಯಿ ಥರ ಗಾಳಿ ಹಿಡಿಯತ್ತೆ.

ಜೋಡಿಸೋದು ಶನಿವಾರ, ಅಂಟಿಸೋದು ಭಾನುವಾರ. ಇದನ್ನ ಮಾತ್ರ ತಪ್ಪಿಸ್ಬೇಡಿ. ಶನಿವಾರ ಸುಮ್ನೆ ಒಂದರ ಮೇಲೊಂದು ಇಟ್ಟು, ಬೇಕಿದ್ರೆ ದಾರದಲ್ಲಿ ಕಟ್ಟಿ, ಅದು ಕೊನೇಗೆ ಎಲ್ಲಿರ್ಬೇಕೋ ಅಲ್ಲೇ ಇಟ್ಟು ಫೋಟೋ ತೆಗೀರಿ. ಫೋನಲ್ಲಿ ಕಪ್ಪು ಬಿಳುಪು ಮಾಡಿ ನೋಡಿ, ಬಣ್ಣದ ಮೋಹ ಹೋಗಿ ಆಕಾರ ನಿಲ್ಲತ್ತಾ ಇಲ್ವಾ ಗೊತ್ತಾಗತ್ತೆ. ಭಾನುವಾರ ಬೆಳಿಗ್ಗೆ ಎದ್ದು ನೋಡಿದಾಗಲೂ ಸರಿ ಅನ್ಸಿದ್ರೆ ಮಾತ್ರ ಜೋಡಣೆ.

ನಿಮ್ಮದು ಯಾಕೆ ಉದುರ್ತು ಅಂದ್ರೆ ಬಹುಶಃ ಬಿಳಿ ಫೆವಿಕಾಲ್ ಥರದ ಅಂಟು ಅಥವಾ ಗ್ಲೂ ಗನ್ ಬಳಸಿರ್ತೀರ. ಸಾಮಾನ್ಯ ಬಿಳಿ ಅಂಟು ನೀರಿಗೆ ಮೆತ್ತಗಾಗತ್ತೆ, ಗ್ಲೂ ಗನ್ನಿನ ಅಂಟು ಬಿಸಿಲಿಗೆ ಕಾದ ಲೋಹದ ಮೇಲೆ ಮೆತ್ತಗಾಗತ್ತೆ. ಅದೂ ಅಲ್ದೆ ಬಿಸಿಗೆ ಲೋಹ ಹಿಗ್ಗೋದೇ ಬೇರೆ, ಗಾಜು ಹಿಗ್ಗೋದೇ ಬೇರೆ, ಮಧ್ಯದಲ್ಲಿರೋ ಅಂಟು ಗಟ್ಟಿ ಇದ್ರೆ ದಿನಾ ಎಳೆದಾಡಿ ಕೊನೇಗೆ ಬಿಟ್ಕೊಳ್ಳತ್ತೆ. ಗಾಜು ಲೋಹಕ್ಕೆ ಅಂಟ್ಬೇಕು ಅಂದ್ರೆ ಹೊರಾಂಗಣದ ಸಿಲಿಕೋನ್ ಸೀಲಂಟ್, ಅದು ರಬ್ಬರಿನ ಹಾಗೆ ಹಿಗ್ಗಿ ಕುಗ್ಗತ್ತೆ. ಕಲ್ಲು ಕಲ್ಲಿಗೆ, ಲೋಹ ಲೋಹಕ್ಕೆ ಎರಡು ಟ್ಯೂಬಿನ ಎಪಾಕ್ಸಿ, ಆದ್ರೆ ಬಿಸಿಲಿಗೆ ಹಳದಿ ಆಗತ್ತೆ, ಕಾಣದ ಕಡೆ ಹಾಕಿ. ಎರಡಕ್ಕೂ ಮೊದ್ಲು ಮೇಲ್ಮೈನ ಉಪ್ಪುಕಾಗದದಲ್ಲಿ ಉಜ್ಜಿ ಒರೆಸಿ ಒಣಗಿಸ್ಬೇಕು, ಹಳೇ ಬಣ್ಣ ಇರೋದನ್ನ ಉಜ್ಜಬೇಡಿ ಅಂತ ಮೇಲೇ ಹೇಳಿದೀನಿ. ನನ್ನನ್ನ ಕೇಳಿದ್ರೆ ತಂತಿ ಕಟ್ಟೋಕೆ ಆಗೋ ಕಡೆ, ನಟ್ಟು ಬೋಲ್ಟು ಹಾಕೋಕೆ ಆಗೋ ಕಡೆ ಅಂಟೇ ಬೇಡ. ಕಟ್ಟಿದ್ದು ಕಂಡ್ರೆ ಚೆಂದ, ಬೇಕಾದಾಗ ಬಿಚ್ಚಬಹುದು. ತಾಮ್ರದ ತಂತೀಲಿ ಕಬ್ಬಿಣ ಕಟ್ಟಿದ್ರೆ ಮಾತ್ರ ಒದ್ದೆಯಾದಾಗ ತಾಗೋ ಕಡೆ ಕಬ್ಬಿಣ ಬೇಗ ತುಕ್ಕು ತಿನ್ನತ್ತೆ, ಅಲ್ಲಿ ಕಬ್ಬಿಣದ ತಂತೀನೇ ಹಾಕಿ ಇಲ್ಲ ಮಧ್ಯ ಒಂದು ರಬ್ಬರ್ ತುಂಡು ಇಡಿ.

ಒಡೆದ ಟೈಲ್ಸಿಗೆ ಮಣ್ಣಿನ ಕುಂಡದ ಮೇಲೆ ಮೊಸಾಯಿಕ್ ಮಾಡಿ. ಚಂಡೀಗಢದಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ 1957ರಲ್ಲಿ ಯಾರಿಗೂ ಗೊತ್ತಿಲ್ದ ಹಾಗೆ ಶುರು ಮಾಡಿದ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೀತು, ಅಲ್ಲಿನ ನೂರಾರು ಮೂರ್ತಿಗಳ ಮೈ ಒಡೆದ ಬಳೆ, ಪಿಂಗಾಣಿ ಚೂರಿಂದಾನೇ ಆಗಿರೋದು, ಅದಕ್ಕೆ ಸಿಮೆಂಟೇ ಹಿಡಿತ. ನೀವೂ ಸಿಮೆಂಟ್ ಬೇಸಿನ ಟೈಲ್ ಅಂಟು ತಗೊಳ್ಳಿ. ಟೈಲ್ಸ್ ಒಡೆಯೋವಾಗ ದಪ್ಪ ಬಟ್ಟೇಲಿ ಸುತ್ತಿ ಸುತ್ತಿಗೇಲಿ ಹೊಡೀರಿ, ಕಣ್ಣಿಗೆ ಕನ್ನಡಕ. ಚೂರುಗಳ ಮಧ್ಯ ಎರಡು ಮೂರು ಮಿಲಿಮೀಟರ್ ಸಂದಿ ಬಿಡಿ. ಶನಿವಾರ ಬೆಳಿಗ್ಗೆ ಅಂಟಿಸಿದ್ರೆ ಭಾನುವಾರ ಸಾಯಂಕಾಲ ಸಂದಿಗಳಿಗೆ ಗ್ರೌಟ್ (ಸಂದಿ ಮುಚ್ಚೋ ಸಿಮೆಂಟ್ ಪೇಸ್ಟ್) ತುಂಬ್ಬಹುದು, ಮಧ್ಯ ಒಂದು ದಿನ ಬೇಕೇ ಬೇಕು, ಹಾಗಾಗಿ ಇದೊಂದು ಕೆಲ್ಸಕ್ಕೆ ಮಾತ್ರ ರಾತ್ರಿ ಕಾದು ನೋಡೋ ನಿಯಮ ಬೇಡ, ಕುಂಡ ಎಲ್ಲಿಡ್ತೀರ ಅಂತ ಗೊತ್ತಿದ್ರೆ ಸಾಕು. ಜಾಸ್ತಿ ಜನಕ್ಕೆ ಗೊತ್ತಿಲ್ದ ವಿಷ್ಯ ಏನಂದ್ರೆ ಮಣ್ಣಿನ ಕುಂಡದ ಒಳಗೋಡೆಗೆ ಮೊದ್ಲೇ ವಾಟರ್‌ಪ್ರೂಫ್ ಸೀಲರ್ ಬಳೀಬೇಕು, ಇಲ್ಲಾಂದ್ರೆ ಒಳಗಿನ ನೀರು ಗೋಡೆ ಮೂಲಕ ಜಿನುಗಿ ಹೊರಗಿನ ಟೈಲ್ಸನ್ನ ಹಿಂದಿಂದ ತಳ್ಳತ್ತೆ. ಸಿಮೆಂಟ್ ಕ್ಷಾರ, ಚರ್ಮ ಸುಡತ್ತೆ, ಗ್ಲೌಸ್ ಇಲ್ದೆ ಮುಟ್ಬೇಡಿ, ಮಗಳಿಗಂತೂ ಕೊಡ್ಲೇಬೇಡಿ. ಅವಳು ಒಣ ಚೂರುಗಳನ್ನ ನೆಲದ ಮೇಲೆ ಜೋಡಿಸಿ ಡಿಸೈನ್ ಮಾಡ್ಲಿ, ಅಂಚು ಚೂಪಿರೋದನ್ನ ನೀರು ಹಾಕಿ ಉಜ್ಜಿ ಮೊಂಡು ಮಾಡಿ ಕೊಡಿ, ಅಂಟಿಸೋದು ನೀವು.

ಅವಳದ್ದೇ ಅಂತ ಒಂದು ಕೆಲ್ಸನೂ ಇರ್ಲಿ. ಉದುರಿದ ಎಲೆ, ಕಡ್ಡಿ, ಕಾಯಿ ಸಿಪ್ಪೆ, ಕಲ್ಲು ಆರಿಸ್ಕೊಂಡು ನೆಲದ ಮೇಲೇ ಜೋಡಿಸೋದು, ಹಸಿರಿಂದ ಹಳದಿ, ಹಳದಿಯಿಂದ ಕಂದು ಅಂತ ಬಣ್ಣದ ಸಾಲು ಮಾಡೋದು, ಫೋಟೋ ತೆಗೆದು ಗಾಳಿಗೆ ಬಿಟ್ಬಿಡೋದು. ಆರಿಸೋವಾಗ ನೀವು ಜೊತೆಗಿರಿ. ಗುಲಗಂಜಿ ಕೆಂಪು ಕಪ್ಪು ನೋಡಿದ್ರೆ ಮಣಿ ಮಾಡೋಣ ಅನ್ಸತ್ತೆ, ಹರಳು ಬೀಜದ ಮೇಲೆ ಎಷ್ಟು ಚೆಂದದ ಚಿತ್ತಾರ ಇರತ್ತೆ, ದತ್ತೂರದ ಮುಳ್ಳು ಕಾಯಿ ಅಂತೂ ಶಿಲ್ಪನೇ, ಆದ್ರೆ ಮೂರೂ ಕಡು ವಿಷ. ಗುಲಗಂಜಿಗೆ ಸೂಜಿ ಚುಚ್ಚೋದು ಇನ್ನೂ ಅಪಾಯ, ಗಟ್ಟಿ ಸಿಪ್ಪೆ ಒಡೆದ್ರೆ ಒಳಗಿನ ವಿಷ ಹೊರಗೆ ಬರತ್ತೆ. ಕಣಗಿಲೆ ಕಡ್ಡಿನೂ ಬೇಡ. ಹಕ್ಕಿ ಗೂಡು ಖಾಲಿ ಇದ್ರೂ ಅಲ್ಲೇ ಇರ್ಲಿ.

ಭಾನುವಾರ ಸಾಯಂಕಾಲ ಇಡೋವಾಗ ಪೂರ್ತಿ ಎದುರಿಗೆ ಇಡ್ಬೇಡಿ, ಅರ್ಧ ಎಲೆ ಮರೇಲಿರ್ಲಿ, ಬಾಗಿಲಲ್ಲಿ ನಿಂತಾಗ ಸ್ವಲ್ಪ ಕಂಡು ಹತ್ರ ಹೋದಾಗ ಪೂರ್ತಿ ಕಾಣೋ ಹಾಗೆ. ಕೂತ್ಕೊಂಡು ನೋಡೋ ಜಾಗ ಆದ್ರೆ ಕೂತವರ ಕಣ್ಣಿನ ಮಟ್ಟಕ್ಕೆ. ನೀರು ನಿಲ್ಲೋ ಗುಣಿ ಇರೋ ಯಾವ ವಸ್ತುವನ್ನೂ ಬಾಯಿ ಮೇಲೆ ಮಾಡಿ ಇಡ್ಬೇಡಿ, ಡೆಂಗಿ ಹರಡೋ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರೋಕೆ ಒಂದು ವಾರ ಹತ್ತು ದಿನ ಸಾಕು, ಅದರ ಮೊಟ್ಟೆ ಪಾತ್ರೆ ಗೋಡೇಲಿ ಒಣಗಿದ್ರೂ ತಿಂಗಳುಗಟ್ಲೆ ಜೀವ ಹಿಡ್ಕೊಂಡಿರತ್ತೆ. ಹಕ್ಕಿಗೆ ನೀರಿಡೋ ತಟ್ಟೆ ಇದ್ರೆ ವಾರಕ್ಕೊಮ್ಮೆ ಆದ್ರೂ ಚೆಲ್ಲಿ ಉಜ್ಜಿ ತೊಳೀರಿ. ನೀರು ತುಂಬಿದ ದುಂಡನೆ ಗಾಜಿನ ಬಾಟಲಿ ಬಿಸಿಲಲ್ಲಿ ಬೇಡ, ಭೂತಗನ್ನಡಿ ಥರ ಬೆಳಕು ಒಟ್ಟು ಮಾಡಿ ಒಣ ಎಲೆಗೆ ಬೆಂಕಿ ಹತ್ತಿಸ್ಬಹುದು.

ಚೈನು ಉಳೀತು. ತುಕ್ಕಿಂದ ಗಿಡಕ್ಕೆ ತೊಂದ್ರೆ ಆಗತ್ತಾ ಅಂತ ಎಷ್ಟೋ ಜನ ಹೆದರ್ತಾರೆ, ಆಗಲ್ಲ, ಅದು ಕಬ್ಬಿಣದ ಆಕ್ಸೈಡು, ಕೆಮ್ಮಣ್ಣಲ್ಲಿ ಕೆಂಪು ಬಣ್ಣ ಕೊಡೋದೂ ಕಬ್ಬಿಣದ ಆಕ್ಸೈಡುಗಳೇ. ತಂತಿ ಬ್ರಷ್ಷಲ್ಲಿ ಸಡಿಲ ಪುಡಿ ಕೆರೆದು ತೆಳ್ಳಗೆ ಅಗಸೆ ಎಣ್ಣೆ ಒರೆಸಿದ್ರೆ ಬಣ್ಣ ಗಾಢವಾಗಿ ಕೂತು ತುಕ್ಕು ನಿಧಾನ ಆಗತ್ತೆ. ಒರೆಸಿದ ಬಟ್ಟೆನ ಮಾತ್ರ ಮುದ್ದೆ ಮಾಡಿ ಬಿಸಾಡ್ಬೇಡಿ, ಅಗಸೆ ಎಣ್ಣೆ ಒಣಗೋವಾಗ ಬಿಸಿಯಾಗಿ ಬಟ್ಟೆ ತಾನಾಗೇ ಹೊತ್ಕೊಳ್ಬಹುದು. ನೀರಲ್ಲಿ ಅದ್ದಿ ಹೊರಗೆ ಬಿಡಿಸಿ ಹರಡಿ ಒಣಗಿಸಿ, ಆಮೇಲೆ ಹಾಕಿ. ಆ ಚೈನನ್ನ ಸೂರಿನ ನೀರು ಬೀಳೋ ತುದಿಯಿಂದ ನೆಲದವರೆಗೆ ಇಳಿಬಿಡಿ. ಮಳೆ ಬಂದಾಗ ನೀರು ಕೊಂಡಿಯಿಂದ ಕೊಂಡಿಗೆ ಹತ್ಕೊಂಡು ಇಳಿಯತ್ತೆ, ಕೆಳಗೆ ತಳ ತೂತಿರೋ ಒಂದು ಅಗಲ ಕುಂಡ ಇಟ್ಟು ದಪ್ಪ ಕಲ್ಲು ತುಂಬಿಡಿ, ಮಣ್ಣು ಕೊಚ್ಚಿಹೋಗಲ್ಲ, ನೀರೂ ನಿಲ್ಲಲ್ಲ. ಆ ಕುಂಡದ ಸುತ್ತ ಒದ್ದೆ ಇಷ್ಟಪಡೋ ಜರಿಗಿಡ ಹಾಕಿ, ಮೇಲಿನ ಕೊಕ್ಕೆ ಚೈನಿನ ಭಾರ ತಡೆಯೋ ಹಾಗೆ ಗೋಡೆಗೋ ತೊಲೆಗೋ ಬೋಲ್ಟ್ ಆಗಿರ್ಲಿ, ಬರೀ ಪ್ಲಾಸ್ಟಿಕ್ ಪೈಪಿಗೆ ನೇತುಹಾಕ್ಬೇಡಿ.